ನಾದಿನಿಯ ಕಿಟಕಿ ಸಂನ್ಯಾಸ

ನನ್ನ ನಾದಿನಿಗೆ ಬಂಗಾರಪೇಟೆಯ ಬಸ್ ಸ್ಟ್ಯಾಂಡು ರೈಲ್ವೆ ಸ್ಟೇಷನ್ನಿನ ಯಾವ ಮಗ್ಗುಲಿಗಿದೆ ಎಂದು ಇವತ್ತಿಗೂ ಗೊತ್ತಿಲ್ಲ. ಆದರೆ ಅವಳನ್ನು ಸಾವಿರ ವರ್ಷ ಹಿಂದಕ್ಕೆ ಒಯ್ದು, ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿ ಬಿಟ್ಟು ನೋಡಿ. ನೆಟ್ಟಗೆ ಚಕ್ರವರ್ತಿಯ ಅರಮನೆಗೆ ನಡೆದು, ಕಾಫಿ ಕುಡಿದು, ಕತ್ತಲಾಗುವುದರೊಳಗೆ ವಾಪಸ್ ಬರುತ್ತಾಳೆ! “ಆಗ ಅಲ್ಲಿ ಕಾಫಿ ಎಲ್ಲಿತ್ತು ಅತ್ತಿಗೆ?” ಎಂದು ಈ ಸಾಲು ಓದಿ ಅವಳು ಆಕ್ಷೇಪಿಸುವುದು ಖಂಡಿತ. ಆಕ್ಷೇಪಿಸಲಿ. ಜೀವಮಾನವಿಡೀ ಕೆಜಿಎಫ್ ಮಕ್ಕಳ ಪೇಪರ್ ತಿದ್ದಿದ ಕೈ, ಸುಮ್ಮನಿರುತ್ತದೆಯೇ?

ಅವಳು ಇಲ್ಲಿನ ಒಂದು ಶಾಲೆಯಲ್ಲಿ ಹಿಸ್ಟರಿ, ಜಿಯಾಗ್ರಫಿ ಹೇಳಿಕೊಡುತ್ತಿದ್ದಳು. ಪಠ್ಯಪುಸ್ತಕದಲ್ಲಿ ಮಧ್ಯಯುಗದ ಯುರೋಪಿಗೆ ಇದ್ದದ್ದು ಒಂದು ಸಣ್ಣ ಪಾಠ. ನನ್ನ ನಾದಿನಿ ಅದರೊಳಗೆ ಜೂನ್ ತಿಂಗಳಲ್ಲಿ ಹೊಕ್ಕರೆ ದಸರಾ ರಜೆಗೂ ಹೊರಗೆ ಬರುತ್ತಿರಲಿಲ್ಲ. ಮಠಗಳು, ಯಾತ್ರಿಕರು, ಜೆರೂಸಲೇಮಿನ ದಾರಿ, ಪ್ಲೇಗು, ಕೋಟೆ! ಒಂದು ವರ್ಷ ಪರೀಕ್ಷೆಯಲ್ಲಿ ವಿಜಯನಗರದ ವ್ಯಾಪಾರದ ಬಗ್ಗೆ ಬರೆಯಿರಿ ಎಂದರೆ ಇಡೀ ಕ್ಲಾಸು ವೆನಿಸ್ಸಿನ ಬಗ್ಗೆ ಬರೆದಿಟ್ಟು ಬಂತು. ಹೆಡ್‌ಮಿಸ್ಟ್ರೆಸ್ ಕರೆದು ಕೇಳಿದರೆ ಇವಳು, “ಆದರೂ ಎಷ್ಟು ಚೆನ್ನಾಗಿ ಬರೆದಿದ್ದಾರೆ ನೋಡಿ ಮೇಡಂ” ಎಂದಳಂತೆ.

ಆ ಕಾಲದ ಭೂಪಟಗಳೆಂದರೆ ಅವಳಿಗೆ ಪ್ರಾಣ. ಅವುಗಳಲ್ಲಿ ಪೂರ್ವ ದಿಕ್ಕು ಮೇಲೆ, ಜೆರೂಸಲೇಮು ನಟ್ಟನಡುವೆ. ಅಂಚಿನಲ್ಲಿ ಜಾಗ ಉಳಿದ ಕಡೆ ವಿಚಿತ್ರ ಪ್ರಾಣಿಗಳು. ನಮ್ಮ ಇಂಡಿಯಾದಲ್ಲಂತೂ ಒಂಟಿಕಾಲಿನ ಮನುಷ್ಯರು, ಬಿಸಿಲಾದರೆ ಅಂಗಾತ ಮಲಗಿ ತಮ್ಮ ಅಗಲವಾದ ಪಾದವನ್ನೇ ಕೊಡೆ ಮಾಡಿಕೊಳ್ಳುತ್ತಾರಂತೆ! “ನೋಡದೇ ಇರೋ ಊರಿನ ಬಗ್ಗೆ ಎಷ್ಟು ಕಾನ್ಫಿಡೆಂಟಾಗಿ ಬರೀತಿದ್ರು ಅತ್ತಿಗೆ!” ಎಂದು ಅವಳು ಮೆಚ್ಚಿಕೊಳ್ಳುತ್ತಿದ್ದಳು. ಅದೇ ಶೈಲಿಯಲ್ಲಿ ನಮ್ಮ ಸೀಮೆಯ ಪಟವೊಂದನ್ನು ವರಾಂಡದ ಗೋಡೆಯ ಮೇಲೆ ಬರೆದಳು. ಜೆರೂಸಲೇಮಿನ ಜಾಗದಲ್ಲಿ ಬಂಗಾರಪೇಟೆ ಜಂಕ್ಷನ್. ಯಾರೋ ಪಾಪ ಕಾಮಸಮುದ್ರಕ್ಕೆ ದಾರಿ ಕೇಳಿದರು. ಪೂರ್ವವೇ ಮೇಲಲ್ಲವೇ? ಇವಳು ಪಟ ನೋಡಿಕೊಂಡು, “ಸೀದಾ ಮೇಲಕ್ಕೆ ಹೋಗಿ” ಎಂದಳು. ಅರ್ಧ ಗಂಟೆ ಬಿಟ್ಟು ನೋಡಿದರೆ ಆ ಮನುಷ್ಯ ಬೈಕು ನಿಲ್ಲಿಸಿ ಗಣಿಯ ಕಸದ ಮಣ್ಣು ಗುಡ್ಡೆಯಾದ ಸೈನೈಡ್ ದಿಬ್ಬ ಹತ್ತುತ್ತಿದ್ದ!

ನಗಬೇಡಿ. ಇಂಥವಳ ಎದುರು ಮನೆಯಲ್ಲಿ ಇರುವವಳು ನಾನು. ನನ್ನ ಯಜಮಾನರು ಹೋದ ಮೇಲೆ ಅವರ ಪೈಕಿ ನನಗೆ ಉಳಿದವಳು ಈ ತಂಗಿ ಒಬ್ಬಳೇ. ಗಣಿ ಮುಚ್ಚಿದ ಮೇಲೆ ನಮ್ಮ ಕ್ವಾರ್ಟರ್ಸ್ ಸಾಲಿನಲ್ಲಿ ಒಂದೊಂದೇ ಮನೆಗೆ ಬೀಗ ಬಿದ್ದು, ಈಗ ಸಂಜೆ ಲೈಟು ಹತ್ತುವ ಮನೆಗಳನ್ನು ಹುಡುಕಬೇಕು. ಅವಳ ಮನೆ ಲೈಟು ಹತ್ತಿದರೆ ನಾನೂ ಏಳುತ್ತೇನೆ, ಸ್ವಿಚ್ ಹಾಕುತ್ತೇನೆ. ಹತ್ತದಿದ್ದರೆ ಕತ್ತಲಲ್ಲೇ ಕೂತಿರುತ್ತೇನೆ. ಇದು ಹಾಸ್ಯದ ಮಾತಲ್ಲ, ಬಿಡಿ.

ಪ್ರತಿ ಗುರುವಾರ ನಾವಿಬ್ಬರೂ ಕೋರಮಂಡಲ್ ಸ್ಟೇಷನ್ನಿನಲ್ಲಿ ಮಾರಿಕುಪ್ಪಂ ಕಡೆಯಿಂದ ಬರುವ ರೈಲು ಹತ್ತಿ ಬಂಗಾರಪೇಟೆಗೆ ಹೋಗುತ್ತಿದ್ದೆವು. ತರಕಾರಿ ನೆಪ. ಅವಳ ಲೆಕ್ಕದಲ್ಲಿ ಅದು ರೈಲಲ್ಲ, ಯಾತ್ರಿಕರನ್ನು ವೆನಿಸ್ಸಿನಿಂದ ಜೆರೂಸಲೇಮಿಗೆ ಹತ್ತಿರದ ಜಾಫಾ ಬಂದರಿಗೆ ಒಯ್ಯುವ ಹಡಗು! ಆಗಿನ ಗೈಡ್‌ಬುಕ್ಕುಗಳು ಯಾತ್ರಿಕರಿಗೆ ಹೇಳುತ್ತಿದ್ದವಂತೆ: ಹಡಗಿನಲ್ಲಿ ಮೇಲಿನ ಅಂತಸ್ತಿನಲ್ಲೇ ಜಾಗ ಹಿಡಿ, ಕೆಳಗೆ ಸೆಕೆ, ವಾಸನೆ, ಇಳಿದ ಕೂಡಲೇ ಓಡಿಹೋಗಿ ಒಳ್ಳೆಯ ಕತ್ತೆಯನ್ನು ಆರಿಸಿಕೋ, ತಡವಾದರೆ ಕುಂಟು ಕತ್ತೆಯೇ ಗತಿ. ನಾದಿನಿ ಇದನ್ನು ಅಕ್ಷರಶಃ ಪಾಲಿಸುತ್ತಿದ್ದಳು. ಬಾತ್‌ರೂಮಿನಿಂದ ದೂರದ ಸೀಟು, ಸೀಟಿಗೆ ಹಾಸಲು ಮನೆಯಿಂದ ತಂದ ದುಪಟಿ. ಬೆಂಗಳೂರಿಗೆ ಕೆಲಸಕ್ಕೆ ಹೋಗುವ ಹೆಂಗಸರು, “ಏನ್ ಆಂಟಿ, ಸ್ಲೀಪರ್ ಬುಕ್ ಮಾಡಿದ್ದೀರಾ?” ಎಂದು ರೇಗಿಸುತ್ತಿದ್ದರು. ಬಂಗಾರಪೇಟೆ ಬಂತೋ, ಜನರ ನಡುವೆ ಮೊಣಕೈ ತೂರಿಸಿ ಇಳಿದು, ಆಟೋ ಸ್ಟ್ಯಾಂಡಿನಲ್ಲಿ ನಿಂತು ಕೂಗುವಳು: “ಅತ್ತಿಗೆ, ಬೇಗ! ಒಳ್ಳೇ ಕತ್ತೆ ಸಿಕ್ಕಿದೆ!”

ಒಮ್ಮೆ ಆಟೋದವನು ನನ್ನ ಮುಖ ನೋಡಿದ. “ಯಾರ್ನಮ್ಮಾ ಕತ್ತೆ ಅಂತಾವ್ರೆ ಆಯಮ್ಮ?”

“ನಿನ್ನನ್ನಲ್ಲಪ್ಪ, ಆಟೋನ” ಎಂದೆ. ಹತ್ತು ರೂಪಾಯಿ ಜಾಸ್ತಿ ತಗೊಂಡ.

ಕೊನೆಗೆ ಪಾನಿಪುರಿ. ನಮ್ಮ ಬಂಗಾರಪೇಟೆ ಪಾನಿ ಗೊತ್ತಲ್ಲ, ನೋಡಲು ಬರೀ ನೀರು, ಬಾಯಿಗೆ ಹೋದರೆ ಕೆಂಡ. ಇಬ್ಬರೂ ಮೂಗಿನಲ್ಲಿ ನೀರು ಸುರಿಸಿಕೊಂಡು ನಗುತ್ತಿದ್ದೆವು. ವಾರದ ನಗುವೆಲ್ಲ ಅಲ್ಲೇ ಖರ್ಚು.

ಹೀಗಿರುವಾಗ ಒಂದು ದಿನ ಬೆಳಿಗ್ಗೆ ಅವಳ ಮನೆ ಬಾಗಿಲು ತೆರೆಯಲಿಲ್ಲ. ಗಾಬರಿಯಿಂದ ಓಡಿದೆ. ಬೀದಿ ಕಡೆಯ ಕಿಟಕಿಯಲ್ಲಿ ಮುಖ ಕಾಣಿಸಿತು, ಗಂಭೀರವಾದ ಮುಖ.

“ಅತ್ತಿಗೆ, ಇನ್ಮೇಲೆ ನಾನು ಹೊರಗೆ ಬರಲ್ಲ. ಆಂಕರೆಸ್ ಆಗಿದ್ದೀನಿ.”

“ಏನೇ ಹಾಗಂದ್ರೆ? ಅಂಟುರೋಗವಾ?”

ಅಲ್ಲವಂತೆ. ಮಧ್ಯಯುಗದಲ್ಲಿ ಕೆಲವು ಹೆಂಗಸರು ಚರ್ಚಿನ ಗೋಡೆಗೆ ಅಂಟಿಕೊಂಡ ಪುಟ್ಟ ಕೋಣೆಯೊಳಗೆ ಹೋಗಿ, ಬಾಗಿಲು ಮುಚ್ಚಿಸಿಕೊಂಡು, ಸಾಯುವವರೆಗೂ ಅಲ್ಲೇ ಇರುತ್ತಿದ್ದರಂತೆ. ಒಳಗೆ ಹೋಗುವಾಗ ಸತ್ತವರಿಗೆ ಹೇಳುವ ಪ್ರಾರ್ಥನೆಯನ್ನೇ ಹೇಳುತ್ತಿದ್ದರಂತೆ. ಪೂಜೆ ನೋಡಲು ಒಂದು ಕಿಟಕಿ, ಊಟಕ್ಕೆ ಒಂದು ಕಿಟಕಿ, ಕಷ್ಟ ಹೇಳಿಕೊಂಡು ಬರುವವರ ಜೊತೆ ಮಾತಾಡಲು ಒಂದು ಕಿಟಕಿ. ಬೆಕ್ಕು ಸಾಕಬಹುದು, ಹಸು ಸಾಕಬಾರದು.

“ನೀನು ಶುಕ್ರವಾರ ಲಕ್ಷ್ಮೀಪೂಜೆ ಮಾಡೋಳು ಕಣೇ!” ಎಂದೆ.

“ಅದಕ್ಕೇನೀಗ? ದೇವರ ಮನೆ ಒಳಗೇ ಇದೆಯಲ್ಲ. ಗುರುವಾರ ಮಾತ್ರ ನೀನೊಬ್ಬಳೇ ಹೋಗಿ ಬಾ. ತಪ್ಪಿಸಬೇಡ. ಬಂದು ನಂಗೆ ಎಲ್ಲಾ ಹೇಳ್ಬೇಕು.”

ಎರಡು ದಿನದ ಹುಚ್ಚು, ಬಿಟ್ಟುಹೋಗುತ್ತದೆ ಎಂದುಕೊಂಡೆ. ಹೋಗಲಿಲ್ಲ. ಹಾಲು ಹಾಕುವ ಹೆಂಗಸು ಬಂದು ನನ್ನನ್ನು ಕೇಳಿದಳು: “ಏನಕ್ಕಾ, ಟೀಚರಮ್ಮ ಬಾಗ್ಲು ಆಕ್ಕೊಂಡು ಕುಂತವ್ರೆ? ನಿಮ್ಗೂ ಅವ್ರಿಗೂ ಏನಾನ ಜಗಳಾನಾ?”

ಆಂಕರೆಸ್ ಎಂದರೇನು ಎಂದು ಹಾಲಿನ ಕ್ಯಾನ್ ಹಿಡಿದು ನಿಂತವಳಿಗೆ ವಿವರಿಸುವುದು ಹೇಗೆ? “ವ್ರತ ಹಿಡಿದಿದ್ದಾಳಮ್ಮ” ಎಂದುಬಿಟ್ಟೆ. ಮುಗಿಯಿತು! ಮರುದಿನ ಕಿಟಕಿಯ ಕಟ್ಟೆಯ ಮೇಲೆ ಅರಿಸಿನ ಕುಂಕುಮ, ಎರಡು ಬಾಳೆಹಣ್ಣು. ಅದರ ಮರುದಿನ ನಿಂಬೆಹಣ್ಣು, ಊದುಬತ್ತಿ. ಹಿಂದಿನ ಬೀದಿಯ ತಮಿಳು ಅಮ್ಮ ಮಗಳ ಜಾತಕವನ್ನೇ ತಂದರು. “ಟೀಚರಮ್ಮಾ, ಇವಳ್ಗೆ ಕಲ್ಯಾಣಂ ಎಪ್ಪೋ? ಕೊಂಚಂ ಪಾತ್ತು ಸೊಲ್ಲುಂಗೋ.” ಮದುವೆ ಯಾವಾಗ, ಸ್ವಲ್ಪ ನೋಡಿ ಹೇಳಬೇಕಂತೆ.

ಕಂಬಿಗಳ ಹಿಂದಿನಿಂದ ಉತ್ತರ ಬಂತು: “ಮೊದ್ಲು ಅವಳು ಬಿ.ಕಾಂ. ಮುಗಿಸ್ಲಿ.”

ಆಯಮ್ಮ ಕೆನ್ನೆ ಬಡಿದುಕೊಂಡು ಹೋದರು. ಕಾಮಸಮುದ್ರದ ಕಡೆಯಿಂದ ಒಬ್ಬ ರೈತ, ಹಸು ಹಾಲು ಕೊಡುತ್ತಿಲ್ಲ ಎಂದು ತೆಲುಗಿನಲ್ಲಿ ಗೋಳಾಡಿದ. “ದನದ ಡಾಕ್ಟರಿಗೆ ತೋರಿಸಪ್ಪ” ಎಂದಳು. ಅವನು ತೋರಿಸಿದ, ಹಸು ಹಾಲು ಕೊಟ್ಟಿತು. ಕೀರ್ತಿ ಯಾರಿಗೆ? ಡಾಕ್ಟರಿಗಂತೂ ಅಲ್ಲ! ಬಾಗಿಲು ಹಗಲೆಲ್ಲ ತೆರೆದಿಟ್ಟು ಕೂತಿದ್ದಷ್ಟು ಕಾಲ ಅವಳನ್ನು ಮಾತಾಡಿಸಲು ನನ್ನನ್ನು ಬಿಟ್ಟು ಒಂದು ನರಪಿಳ್ಳೆಯೂ ಬರುತ್ತಿರಲಿಲ್ಲ. ಹಾಕಿಕೊಂಡ ಮೇಲೆ ಕ್ಯೂ! ನಾನು ನನ್ನ ನಾದಿನಿಯ ಜೊತೆ ಮಾತಾಡಬೇಕಾದರೆ ನಿಂಬೆಹಣ್ಣು ಹಿಡಿದವರ ಹಿಂದೆ ನಿಲ್ಲಬೇಕು. “ಸಾಲಲ್ಲಿ ಬನ್ನಿ ಅಜ್ಜಿ” ಎಂದು ನನಗೇ ಹೇಳಿದರು!

ನಾನು ಗೋಗರೆದೆ, ಬೈದೆ. “ಬಾಗಿಲು ತೆಗಿಯೇ, ಒಳಗೆ ಬಂದು ಕೂತು ಹೋಗ್ತೀನಿ” ಎಂದೆ. “ರೂಲ್ಸ್ ಇಲ್ಲ ಅತ್ತಿಗೆ” ಎಂಬ ಒಂದೇ ಉತ್ತರ. ಅವಳಿಗೇನು, ಮಾತಿಗೆ ಊರೇ ಇದೆ. ನಾನು ಯಾರ ಕಿಟಕಿಗೆ ಹೋಗಲಿ?

ಮೊದಲನೇ ಗುರುವಾರ ಒಬ್ಬಳೇ ಹೋದೆ. ಪಕ್ಕದ ಸೀಟಿನಲ್ಲಿ ಯಾರದೋ ಚೀಲ. ಬಂಗಾರಪೇಟೆಯಲ್ಲಿ ಎಲ್ಲರೂ ಇಳಿದ ಮೇಲೆ ಇಳಿದೆ. ಪಾನಿಪುರಿ ಗಾಡಿಯವರೆಗೂ ಹೋಗಿ, ಒಬ್ಬಳೇ ತಟ್ಟೆ ಹಿಡಿದು ನಿಲ್ಲಲು ನಾಚಿಕೆಯಾಗಿ, ವಾಪಸ್ ಬಂದೆ. ಆಮೇಲೆ ಹೋಗಲೇ ಇಲ್ಲ.

ಆದರೆ ಕಿಟಕಿಯಲ್ಲಿ ಅವಳು ಕಾಯುತ್ತಿರುತ್ತಾಳಲ್ಲ! ಹಾಗಾಗಿ ಗುರುವಾರ ಬೆಳಿಗ್ಗೆ ಒಳ್ಳೆಯ ಸೀರೆ ಉಟ್ಟು, ಬ್ಯಾಗ್ ಹಿಡಿದು, ಅವಳಿಗೆ ಕೈ ಬೀಸಿ ಹೊರಡುತ್ತಿದ್ದೆ. ಬೀದಿ ತಿರುಗಿ, ಖಾಲಿ ಪ್ಲಾಟ್‌ಫಾರಂ ಬೆಂಚಿನ ಮೇಲೆ ಮಧ್ಯಾಹ್ನದವರೆಗೆ ಕೂತು, ಬಂದ ರೈಲುಗಳನ್ನು ಹೋಗಲು ಬಿಟ್ಟು, ಬರುವಾಗ ತಳ್ಳುಗಾಡಿಯವನ ಹತ್ತಿರ ಹೂಕೋಸು, ಬೀನ್ಸ್ ಕೊಂಡು ಕಿಟಕಿಗೆ ಬರುತ್ತಿದ್ದೆ. ಸುಳ್ಳು ಹೇಳುವುದು ಎಷ್ಟು ಸುಲಭ ಗೊತ್ತೇ? ಟಿಕೆಟಿಲ್ಲದ ಒಬ್ಬ ದಪ್ಪ ಮನುಷ್ಯ ಸೀಟಿನ ಕೆಳಗೆ ತೂರಿ ಸಿಕ್ಕಿಹಾಕಿಕೊಂಡ ಕಥೆ ಹೇಳಿದೆ. ಕೋಳಿ ಬುಟ್ಟಿ ಬಿಚ್ಚಿಹೋಗಿ ಬೋಗಿಯೆಲ್ಲ ಕೋಳಿಯಾದ ಕಥೆ ಹೇಳಿದೆ. ಒಂಟಿಕಾಲಿನವರನ್ನು ಭೂಪಟದಲ್ಲಿ ಬರೆದಿಟ್ಟವನಿಗೂ ನನ್ನಷ್ಟು ಧೈರ್ಯ ಇದ್ದಿರಲಾರದು! ಅವಳು ಕಂಬಿ ಹಿಡಿದು ನಕ್ಕೂ ನಕ್ಕೂ, “ಪಾನಿಪುರಿ ತಿಂದ್ಯಾ?” ಎನ್ನುವಳು. “ಎರಡು ಪ್ಲೇಟ್” ಎನ್ನುವೆ. ಅವಳ ಮುಖ ಅರಳುತ್ತಿತ್ತು.

ಕಳೆದ ಗುರುವಾರವೂ ಹಾಗೇ ಏನೋ ಹೊಸೆಯುತ್ತಿದ್ದೆ. “ಇರು, ನಿಂಗೆ ಮಜ್ಜಿಗೆ ತರ್ತೀನಿ” ಎಂದು ಕಿಟಕಿಯಿಂದ ಸರಿದಳು. ಒಳಗೆ ಧೊಪ್ಪೆಂದು ಸದ್ದು. ಲೋಟ ಉರುಳಿದ ಸದ್ದು.

“ಏನಾಯ್ತೇ?”

“ಏನಿಲ್ಲ, ಸ್ಟೂಲ್ ಬಿತ್ತು. ನೀನು ಹೋಗು, ಊಟದ ಹೊತ್ತಾಯ್ತು.”

ಸ್ಟೂಲಿಗೆ ನರಳುವ ಅಭ್ಯಾಸವಿಲ್ಲ. ಮನೆ ಸುತ್ತಿ ಹಿತ್ತಿಲಿಗೆ ಹೋದೆ. ಬಚ್ಚಲ ಬಾಗಿಲಿಗೆ ಇದ್ದದ್ದು ಹಳೆಯ ಕೊಂಡಿ. ಈ ವಯಸ್ಸಿನ ನನ್ನ ಭುಜಕ್ಕೇ ಕಿತ್ತುಬಂತು. ಅಡುಗೆಮನೆಯ ನೆಲದಲ್ಲಿ ಚೆಲ್ಲಿದ ಮಜ್ಜಿಗೆಯ ನಡುವೆ ಅವಳು ಕೂತಿದ್ದಳು. ಕಿಟಕಿಯಲ್ಲಿ ಎದೆಮಟ್ಟಕ್ಕೆ ಮಾತ್ರ ಕಾಣುತ್ತಿದ್ದವಳು ಈಗ ಪೂರ್ತಿ ಕಂಡಳು. ಬಲಗಾಲಿನ ಮಂಡಿ ಕುಂಬಳಕಾಯಿಯಂತೆ ಊದಿತ್ತು. ಪಕ್ಕದಲ್ಲಿ ಒಂದು ಮರದ ಕುರ್ಚಿ. ಅದನ್ನು ತಳ್ಳಿಕೊಂಡು ಓಡಾಡುತ್ತಿದ್ದಳು ಎಂದು ನೋಡಿದರೇ ಗೊತ್ತಾಗುತ್ತಿತ್ತು. ಕುರ್ಚಿಯ ನಾಲ್ಕೂ ಕಾಲಿಗೆ ನನ್ನ ಯಜಮಾನರ ಹಳೆಯ ಉಲ್ಲನ್ ಕಾಲುಚೀಲ ತೊಡಿಸಿದ್ದಳು, ಎಳೆದಾಗ ನನಗೆ ಕೇಳಿಸದ ಹಾಗೆ.

“ಎಷ್ಟು ದಿನದಿಂದ?”

“ಬಾಗಿಲು ಹಾಕ್ಕೊಂಡಾಗಿಂದ. ರೈಲಿನ ಮೆಟ್ಟಿಲು ಹತ್ತೋಕೇ ಆಗಲ್ಲ ಅತ್ತಿಗೆ.”

“ಹೇಳೋಕೇನಾಗಿತ್ತೇ ನಿನಗೆ?”

“ಹೇಳಿದ್ರೆ ನೀನು ಇಲ್ಲೇ ಕಾವಲು ಕೂತುಬಿಡ್ತಿದ್ದೆ. ಅಣ್ಣ ಕಾಯಿಲೆ ಬಿದ್ದು ಮಲಗಿದ್ದಾಗ ಕೂತಿದ್ಯಲ್ಲ, ಹೊರಗಿನ ಬಿಸಿಲೂ ನೋಡದೆ, ಹಾಗೆ. ನೀನು ವಾರಕ್ಕೊಂದು ಸಲ ನಗೋದು ಅಂದ್ರೆ ಆ ಗುರುವಾರ ಮಾತ್ರ. ಅದೂ ನನ್ನಿಂದ ತಪ್ಪಿಹೋಗಬಾರದು ಅಂತ...”

ಅವಳ ಸೀರೆಯ ಅಂಚಿನಿಂದ ಮಜ್ಜಿಗೆ ಹಿಂಡುತ್ತಾ ನಾನು ಹೇಳಿದೆ, “ನಾನು ಹೋಗ್ತಾನೇ ಇಲ್ಲ ಕಣೇ.”

“ಎಲ್ಲಿಗೆ?”

“ಬಂಗಾರಪೇಟೆಗೆ.”

“ಮತ್ತೆ ಹೂಕೋಸು?”

“ಗಾಡಿಯವನದು.”

“ಕೋಳಿ?”

“ಕೋಳಿನೂ ಇಲ್ಲ, ಏನೂ ಇಲ್ಲ. ನೀನಿಲ್ಲದೆ ಯಾಕೆ ಹೋಗ್ಲಿ?”

ಅವಳು ನನ್ನನ್ನೇ ನೋಡಿದಳು.

“ಅಯ್ಯೋ ಅತ್ತಿಗೆ! ಹಾಗಾದ್ರೆ ನಾನು ಬಾಗಿಲು ಹಾಕ್ಕೊಂಡಿದ್ದು ಯಾವ ಪುರುಷಾರ್ಥಕ್ಕೆ?”

ನಾನೂ ಆ ಮಜ್ಜಿಗೆಯ ನೆಲದ ಮೇಲೆಯೇ ಕೂತು, ಅವಳ ಕಾಲನ್ನು ಮೆಲ್ಲಗೆ ಎತ್ತಿ ನನ್ನ ತೊಡೆಯ ಮೇಲಿಟ್ಟುಕೊಂಡೆ. ಹೊರಗೆ ಕಿಟಕಿಯ ಹತ್ತಿರ ಯಾರೋ “ಟೀಚರಮ್ಮಾ, ಟೀಚರಮ್ಮಾ” ಎಂದು ಕರೆಯುತ್ತಿದ್ದರು. ನಾವಿಬ್ಬರೂ ಏಳಲಿಲ್ಲ.