ಹಿಡಿ, ಬಿಡಿ ಮತ್ತು ನನ್ನ ಸ್ಟಿಯರಿಂಗು

ಡ್ರೈವಿಂಗ್ ಶಾಲೆಯ ಮೇಷ್ಟ್ರು ಎಂದರೆ ಜೀವಮಾನವೆಲ್ಲ ಸ್ಟಿಯರಿಂಗ್ ಹಿಡಿದವನು ಎಂದು ನೀವು ತಿಳಿದಿದ್ದರೆ ಅದು ಶುದ್ಧ ತಪ್ಪು. ಇಪ್ಪತ್ತೇಳು ವರ್ಷದ ನೌಕರಿಯಲ್ಲಿ ನಾನು ಕೂತದ್ದು ಪಕ್ಕದ ಸೀಟಿನಲ್ಲಿ. ಸ್ಟಿಯರಿಂಗ್ ಶಿಷ್ಯರ ಕೈಯಲ್ಲಿ, ನನ್ನ ಜೀವವೂ ಅವರ ಕೈಯಲ್ಲೇ. ನನ್ನ ಪಾಲಿಗೆ ಇದ್ದದ್ದು ಕಾಲಡಿಯ ಒಂದು ಹೆಚ್ಚುವರಿ ಬ್ರೇಕು ಮಾತ್ರ. (ಅದನ್ನು ಒತ್ತಿ ಒತ್ತಿ ನನ್ನ ಬಲಗಾಲಿನ ಚಪ್ಪಲಿ ಎಡಗಾಲಿನದಕ್ಕಿಂತ ಆರು ತಿಂಗಳು ಮೊದಲೇ ಸವೆಯುತ್ತಿತ್ತು.)

ಆದ್ದರಿಂದ ನಿವೃತ್ತಿ ಹತ್ತಿರವಾದಾಗ ಹೊಸ ಕಾರು ಕೊಳ್ಳುವುದೆಂದು ತೀರ್ಮಾನಿಸಿದೆ. "ನಿಮ್ಮ ಕಣ್ಣಿಗೆ ಎದುರುಮನೆ ಗೇಟೇ ಕಾಣಲ್ಲ, ತಾನಾಗೇ ಓಡೋ ಕಾರೇ ಆಗ್ಬೇಕು" ಎಂದಳು ನನ್ನಾಕೆ. "ಸ್ಟಿಯರಿಂಗ್ ಇಲ್ಲದ ಕಾರು ಕಾರೇ ಅಲ್ಲ" ಎಂದೆ ನಾನು. ಮೂರು ದಿನದ ಘನಘೋರ ಸಂಗ್ರಾಮದ ನಂತರ ಒಪ್ಪಂದವಾಯಿತು. ತಾನಾಗಿ ಓಡುವ ಕಾರೇ ಬಂತು, ಆದರೆ ಅದರಲ್ಲಿ ಸ್ಟಿಯರಿಂಗೂ ಇತ್ತು. ಬೇಡದಾಗ ಮೇಜಿನ ಡ್ರಾಯರಿನ ಹಾಗೆ ಒಳಗೆ ಸರಿದು ಕೂರುತ್ತದೆ, ಬೇಕೆಂದಾಗ ಹೊರಗೆ ಬರುತ್ತದೆ.

"ಒಳಗೆ, ಹೊರಗೆ ಅನ್ನೋಕೆ ನಿಮ್ಮದೇ ಎರಡು ಮಾತು ಆರಿಸ್ಕೊಳ್ಳಿ ಸರ್" ಎಂದಳು ಅಂಗಡಿಯ ಹುಡುಗಿ. "ಮನೇಲಿ ಜಾಸ್ತಿ ಬಳಸದ ಮಾತಾದ್ರೆ ಒಳ್ಳೇದು. ಇಬ್ಬರ ದನಿಯನ್ನೂ ಅದು ಕೇಳುತ್ತೆ. ಆಮೇಲೆ, ಒಂದೇ ದಿನ ನಾಲ್ಕು ಸಲ ಒಳಗೆ ಹೋದ್ರೆ ಡ್ರೈವರ್ ಮೇಲೆ ಅದಕ್ಕೆ ಅನುಮಾನ ಬರುತ್ತೆ."

ಮೇಷ್ಟರಿಗೆ ಪಾಠವೇ? ಇಡೀ ಚಾಲನಾಶಾಸ್ತ್ರದ ಸಾರವನ್ನು ಎರಡೇ ಪದಗಳಲ್ಲಿ ಹಿಂಡಿ ಕೊಟ್ಟೆ: ಹೊರಗೆ ಬರಲು 'ಹಿಡಿ', ಒಳಗೆ ಹೋಗಲು 'ಬಿಡಿ'. ನನ್ನಾಕೆ ಪಕ್ಕದಲ್ಲೇ ಕೂತು ಎಲ್ಲವನ್ನೂ ಗಮನವಿಟ್ಟು ಕೇಳಿಸಿಕೊಂಡಳು.

ಇಲ್ಲೊಂದು ಹಳೆಯ ಕಥೆ ಹೇಳಬೇಕು. ಹತ್ತೊಂಬತ್ತು ವರ್ಷದ ಹಿಂದೆ ಇವಳಿಗೆ ನಾನೇ ಕಾರು ಕಲಿಸಲು ಹೊರಟು, ಹನ್ನೊಂದನೇ ದಿನ "ನಿನ್ನ ಕೈಲಾಗಲ್ಲ, ಬಿಡು" ಎಂದಿದ್ದೆ. ಇವಳು ಇನ್ನೊಬ್ಬ ಮೇಷ್ಟ್ರ ಹತ್ತಿರ ಕಲಿತು ಲೈಸೆನ್ಸ್ ತಂದಳು. ಅಂದಿನಿಂದ ತಂಗಿಯ ಕಾರನ್ನು ಊರೆಲ್ಲ ಓಡಿಸುತ್ತಾಳೆ. ನಮ್ಮ ಹಳೆಯ ಕಾರಿನ ಕೀಲಿ ಮಾತ್ರ ನನ್ನ ಜೇಬು ಬಿಟ್ಟು ಕದಲಿರಲಿಲ್ಲ.

ಇರಲಿ. ಬೀಳ್ಕೊಡುಗೆಯ ದಿನ ಬಂತು. "ನಮ್ಮ ಮೈದಾನದಲ್ಲಿ ಕೊನೆಯ ಸಲ ನನ್ನ ಕಾರಿನಲ್ಲೇ ಕಂಬಗಳನ್ನು ಸುತ್ತಿ ಎಂಟು ಬರೆದು ಹೋಗುತ್ತೇನೆ" ಎಂದು ವಾರದಿಂದ ಎಲ್ಲರ ಮುಂದೆ ಕೊಚ್ಚಿಕೊಂಡಿದ್ದೆ. ಬೇರೆಯವರಿಂದ ಸಾವಿರಾರು ಎಂಟು ಬರೆಸಿದವನಿಗೆ ತನ್ನದೊಂದು ಎಂಟು ಬರೆಯುವ ಆಸೆ ಇರಬಾರದೇ? ಇಸ್ತ್ರಿ ಅಂಗಿ ತೊಟ್ಟು ಕೂತು, "ಹಿಡಿ" ಎಂದೆ. ಸ್ಟಿಯರಿಂಗ್ ಹೊರಬಂತು. ನನ್ನಾಕೆ ಪಕ್ಕದ ಸೀಟಿನಲ್ಲಿ ಕೂತಳು.

ಬೀದಿಯ ತುದಿಯಲ್ಲಿ ಕೇಳಿದೆ, "ಗ್ಯಾಸ್ ಆಫ್ ಮಾಡಿದ್ದೀಯಾ?"

"ಮಾಡಿದ್ದೀನಿ ಬಿಡಿ."

ಸ್ಟಿಯರಿಂಗ್ ಬೆರಳುಗಳ ಸಂದಿಯಿಂದ ಜಾರಿ ಒಳಗೆ ಹೋಯಿತು. ಕಾರು ತನ್ನ ಪಾಡಿಗೆ ತಾನು ಓಡತೊಡಗಿತು.

"ಹಿಡಿ! ಲೇ, ಆ ಮಾತು ಆಡ್ಬೇಡ್ವೇ!"

"ಯಾವ ಮಾತು?"

"ಅದೇ..." ಎಂದು ಬಾಯಿ ತೆರೆದವನು ಹಾಗೇ ಮುಚ್ಚಿದೆ. ಹೇಳಿದರೆ ನಾನೇ ಕೆಟ್ಟೆ. "ಅದೇ ಕಣೇ, ಹಿಡಿ ಅನ್ನೋದಕ್ಕೆ ವಿರುದ್ಧ!"

"ಓ, ಬಿಡೀನಾ?"

ಒಳಗೆ.

"ಹಿಡಿ! ಅಯ್ಯೋ, ಅದನ್ನ ಅನ್ನಬಾರದು ಅಂತಾನೇ ಹೇಳಿದ್ದು!"

"ನಂಗೆ ಹೇಗೆ ಗೊತ್ತಾಗ್ಬೇಕು? ಇನ್ಮೇಲೆ ಅನ್ನಲ್ಲ ಬಿಡಿ."

ಗಾಡಿ ಬಿಡುವವನನ್ನು ಗಾಡಿ ಬಿಡಲು ಬಿಡದ ಮಾತು ಕನ್ನಡದಲ್ಲಿ ಇದೊಂದೇ ಇರಬೇಕು. ಶಾಲೆಯ ಗೇಟು ಕಾಣಿಸುವ ಹೊತ್ತಿಗೆ ನನ್ನ ಇಸ್ತ್ರಿ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಮತ್ತೆ "ಹಿಡಿ" ಎಂದು ಹಿಡಿದು, ದಯವಿಟ್ಟು ಎರಡು ನಿಮಿಷ ಸುಮ್ಮನಿರು ಎಂದು ಬೇಡಿಕೊಂಡೆ.

"ಕೋಪ ಯಾಕ್ರೀ? ಇವತ್ತು ನಿಮ್ಮ ದಿನ. ನಾನು ಬಾಯೇ ಬಿಡಲ್ಲ ಬಿಡಿ" ಎಂದಳು, ಅತ್ಯಂತ ಪ್ರೀತಿಯಿಂದ.

ಕಾರು ಮೆಲ್ಲಗೆ ರಸ್ತೆಯ ಬದಿಗೆ ಬಂದು ನಿಂತಿತು. ಕಿಟಕಿಗಳು ತೆರೆದಿದ್ದವು. ಗೇಟಿನ ಬಳಿ ಹಳೆಯ, ಹೊಸ ಶಿಷ್ಯರೆಲ್ಲ ಸಾಲಾಗಿ ನಿಂತಿದ್ದರು. ಕಾರು ಸ್ಪಷ್ಟವಾದ ಗಟ್ಟಿ ದನಿಯಲ್ಲಿ ಘೋಷಿಸಿತು: "ಚಾಲಕರು ನಾಲ್ಕು ಬಾರಿ ಸ್ಟಿಯರಿಂಗ್ ಬಿಟ್ಟಿದ್ದಾರೆ. ಇಂದು ಇವರಿಗೆ ಸ್ಟಿಯರಿಂಗ್ ಕೊಡಲಾಗುವುದಿಲ್ಲ. ಚಾಲನಾ ತರಬೇತಿ ಪಡೆಯುವುದು ಒಳ್ಳೆಯದು. ಅತ್ಯಂತ ಸಮೀಪದ ಶಾಲೆ ನಲವತ್ತು ಅಡಿ ದೂರದಲ್ಲಿದೆ. ಕರೆದುಕೊಂಡು ಹೋಗಲೇ?"

"ಹೂಂ, ಕರ್ಕೊಂಡು ಹೋಗಪ್ಪಾ" ಎಂದಳು ನನ್ನಾಕೆ.

ಹೀಗೆ, ಇಪ್ಪತ್ತೇಳು ವರ್ಷ ಪಾಠ ಹೇಳಿದ ಶಾಲೆಗೆ ನಾನು ವಿದ್ಯಾರ್ಥಿಯಾಗಿ ಪ್ರವೇಶ ಪಡೆದೆ. ಶಿಷ್ಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಶಾಲೆಯ ಮಾಲೀಕರು ಕಣ್ಣೊರೆಸಿಕೊಂಡು, "ಮೇಷ್ಟ್ರೇ, ಹಾಗಾದ್ರೆ ಎಂಟು?" ಎಂದರು. ನನಗೆ ಭೂಮಿ ಬಾಯ್ಬಿಡಬಾರದೇ ಎನಿಸಿತು.

ಆಗ ನನ್ನಾಕೆ ಇಳಿದು, ಸುತ್ತಿ ಬಂದು, ನನ್ನ ಬಾಗಿಲು ತೆರೆದಳು. "ಸ್ವಲ್ಪ ಆ ಕಡೆ ಸರೀರಿ."

ನಾನು ಪಕ್ಕದ ಸೀಟಿಗೆ ಸರಿದೆ. "ಹಿಡಿ" ಎಂದಳು. ಸ್ಟಿಯರಿಂಗ್ ವಿನಯದಿಂದ ಬಂದು ಅವಳ ಕೈಸೇರಿತು. ಮೊದಲ ತಿರುವಿನಲ್ಲೇ ನನ್ನ ಬಲಗಾಲು ಇಲ್ಲದ ಬ್ರೇಕನ್ನು ಹುಡುಕಿತು. "ನಿನ್ನ ಕೈಲಾಗಲ್ಲ, ಬಿ..." ಎಂಬ ಹಳೆಯ ಮಾತು ನಾಲಿಗೆಯ ತುದಿಗೇ ಬಂದಿತ್ತು, ಹೇಗೋ ನುಂಗಿಕೊಂಡೆ. ಒಂದು ಕಂಬಕ್ಕೂ ತಾಗದೆ, ಒಂದು ಕಡೆಯೂ ನಿಲ್ಲದೆ, ನನ್ನ ಸಾವಿರ ಶಿಷ್ಯರಲ್ಲಿ ಹತ್ತು ಜನವೂ ಬರೆಯಲಾರದಂಥ ಎಂಟನ್ನು ಇವಳು ಬರೆದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನಿಜ ಹೇಳುತ್ತೇನೆ, ಅವಮಾನವೆಲ್ಲ ಮರೆತು ನಾನೂ ತಟ್ಟಿದೆ, ಎಲ್ಲರಿಗಿಂತ ಜೋರಾಗಿ.

ಮನೆಗೂ ಅವಳೇ ಓಡಿಸಿಕೊಂಡು ಬಂದಳು. ದಾರಿಯುದ್ದಕ್ಕೂ ತಂಗಿಯ ವಿಷಯ, ನೀರಿನ ನಲ್ಲಿಯ ವಿಷಯ, ನನ್ನ ಅಂಗಿಯ ವಿಷಯ ಎಲ್ಲ ಆಡಿದಳು. ಕಾರು ಮನೆಯ ಮುಂದೆ ನಿಂತಾಗ ನನಗೆ ತಟ್ಟನೆ ಹೊಳೆಯಿತು.

"ಏನೇ, ಹೋಗುವಾಗ ಮಾತಿಗೊಂದು ಸಲ ಅದನ್ನೇ ಅಂತಿದ್ದೆ. ನಿನ್ನ ಕೈಗೆ ಬಂದ್ಮೇಲೆ ಒಂದ್ಸಲವೂ ಬಾಯಿಗೆ ಬರ್ಲಿಲ್ವಲ್ಲ?"

ಅವಳು ನಿಧಾನವಾಗಿ ಸೀಟ್ ಬೆಲ್ಟ್ ಬಿಚ್ಚಿ, ಕೈಚೀಲ ತೆಗೆದುಕೊಂಡು, ಸ್ಟಿಯರಿಂಗಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದಳು.

"ಹತ್ತೊಂಬತ್ತು ವರ್ಷದ ಹಿಂದೆ ನಿಮ್ಮ ಬಾಯಿಗೆ ಬಂದಿತ್ತಲ್ಲ, ಅದು ನೆನಪಿತ್ತು. ಈಗ ಹೋಗ್ಲಿ ಬಿಡಿ" ಎಂದಳು.

ಸ್ಟಿಯರಿಂಗ್ ಸದ್ದಿಲ್ಲದೆ ಒಳಗೆ ಹೋಯಿತು.