ಡಾಂಗಲ್ಲಿಗೆ ಗೋತ್ರ ಕೇಳಿದ ಮಾವ

ಹೆಣ್ಣು ನೋಡಲು ಹೋದ ದಿನ ತಟ್ಟೆಯ ಉಪ್ಪಿಟ್ಟು ತಣ್ಣಗಾಗುವಷ್ಟರಲ್ಲಿ ‘ಆಗಬಹುದು’ ಎಂದು ಹೇಳಿ ಎದ್ದುಬಂದ ನಮ್ಮ ಸೋದರಮಾವ, ಹೆಬ್ಬೆರಳಿನ ಗಾತ್ರದ ಒಂದು ವೈಫೈ ಡಾಂಗಲ್ಲನ್ನು ಒಪ್ಪುವುದಕ್ಕೆ ಇಪ್ಪತ್ತೆರಡು ದಿನ ತೆಗೆದುಕೊಂಡರು! ಆ ಇಪ್ಪತ್ತೆರಡು ದಿನಗಳಲ್ಲಿ ನನ್ನ ಸ್ಕೂಟರು ನಂಜನಗೂಡಿಗೂ ನರಸೀಪುರಕ್ಕೂ ಎಷ್ಟು ಸಲ ಓಡಾಡಿತೆಂದರೆ, ಯಾವ ಹಂಪ್ ಎಲ್ಲಿದೆ ಎಂದು ಈಗ ಕಣ್ಣು ಮುಚ್ಚಿಕೊಂಡರೂ ನನ್ನ ಸೊಂಟ ಹೇಳಬಲ್ಲದು.

ಮಾವ ನರಸೀಪುರದ ಹೈಸ್ಕೂಲೊಂದರಲ್ಲಿ ಮೂವತ್ತು ಚಿಲ್ಲರೆ ವರ್ಷ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಅವರದು ಪುರೋಹಿತರ ವಂಶ. ನಮ್ಮ ತಾತ ಅರ್ಧ ತಾಲ್ಲೂಕಿಗೆ ಜಾತಕ ಕೂಡಿಸಿ ಲಗ್ನ ಇಟ್ಟುಕೊಟ್ಟವರು. ಮಾವನಿಗೆ ಮಂತ್ರ ಹತ್ತಲಿಲ್ಲ, ಸ್ಕ್ರೂಡ್ರೈವರ್ ಹತ್ತಿತು. ಮನೆಗೆ ಹೊಸ ಸಾಮಾನು ಏನೇ ಬರಲಿ, ಅದನ್ನು ಪೂರ್ತಿ ಬಿಚ್ಚಿ, ಒಳಗನ್ನು ಕಣ್ತುಂಬ ನೋಡಿ, ಮತ್ತೆ ಜೋಡಿಸಿದ ಮೇಲೆಯೇ ಸ್ವಿಚ್ ಹಾಕುವುದು. ಹೊಸ ಮಿಕ್ಸಿ ಬಂದಾಗ ಜೋಡಿಸಿ ಮುಗಿಸಿದ ಮೇಲೆ ಎರಡು ಸ್ಕ್ರೂ ಮಿಕ್ಕವು. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಮಾವ ಕಂಪನಿಗೆ ಕಾಗದ ಬರೆದರು: ‘ತಮ್ಮ ಯಂತ್ರದಲ್ಲಿ ಎರಡು ಸ್ಕ್ರೂಗಳು ಅನಾವಶ್ಯಕ. ಇನ್ನು ಮುಂದೆ ಉಳಿಸಿಕೊಳ್ಳಬಹುದು.’ ಉತ್ತರ ಬರಲಿಲ್ಲ. ಮಿಕ್ಸಿ ಮಾತ್ರ ಇವತ್ತಿಗೂ ಚಟ್ನಿ ರುಬ್ಬುತ್ತಿದೆ!

ಇಂಥವರ ಕಂಪ್ಯೂಟರಿನಲ್ಲಿ ಎಲ್ಲರ ಮನೆಯಲ್ಲಿರುವ ವಿಂಡೋಸ್ ಇರುತ್ತದೆಯೇ? ಇಲ್ಲ, ಲಿನಕ್ಸ್. ಯಾರು ಬೇಕಾದರೂ ಪುಕ್ಕಟೆ ಹಾಕಿಕೊಳ್ಳಬಹುದಾದ, ಒಳಗೆ ಬರೆದಿರುವುದನ್ನೆಲ್ಲ ಬಿಚ್ಚಿ ಓದಬಹುದಾದ ವ್ಯವಸ್ಥೆ ಅದು. “ಬಿಚ್ಚಿ ನೋಡೋಕೆ ಬಿಡದ ಸಾಮಾನು ನಮ್ಮದು ಹೇಗಾಗುತ್ತೆ ಪುಟ್ಟಿ?” ಎನ್ನುತ್ತಾರೆ. ನಂಜನಗೂಡಿನ ಕಾಲೇಜೊಂದರಲ್ಲಿ ಹಳಗನ್ನಡ ಪಾಠ ಮಾಡುವ ನನಗೆ ಅವರ ಪರದೆಯ ಮೇಲಿನ ಕಪ್ಪು ಬಿಳುಪು ಸಾಲುಗಳು ಶಾಸನದ ಹಾಗೆ ಕಾಣುತ್ತವೆ. ಶಾಸನವಾದರೂ ಓದಿಯೇನು, ಇದನ್ನು ಓದಲಾರೆ.

ಡಾಂಗಲ್ಲಿನ ಗೊಡವೆ ಯಾಕೆ ಬಂತೆಂದು ಈಗ ಹೇಳಬೇಕು. ಹೋದ ವರ್ಷ ನಮ್ಮ ಅತ್ತೆಗೆ, ಅಂದರೆ ಮಾವನ ಹೆಂಡತಿಗೆ, ಸ್ಟ್ರೋಕ್ ಆಯಿತು. ಕೈಕಾಲಿಗೆ ಒಂದಷ್ಟು ಶಕ್ತಿ ಮರಳಿತು. ಬಲಗಾಲನ್ನು ಎಳೆದುಕೊಂಡು, ಗೋಡೆ ಹಿಡಿದು ನಡೆಯುತ್ತಾರೆ. ಮಾತು ಮರಳಲಿಲ್ಲ. ಹಿತ್ತಿಲಿನಲ್ಲಿ ನಿಂತು ಬೀದಿಯವರ ಜೊತೆ ಹರಟೆ ಹೊಡೆಯುತ್ತಿದ್ದ ಅತ್ತೆಗೆ ಉಳಿದದ್ದು ಒಂದೇ ಒಂದು ಪದ: ‘ರೀ’. ಕಾಫಿ ಬೇಕಾದರೂ ರೀ, ಫ್ಯಾನ್ ಜೋರಾದರೂ ರೀ, ಕಾಲು ನೋಯುತ್ತಿದ್ದರೂ ರೀ. ಯಾವ ರೀ ಯಾವುದಕ್ಕೆಂದು ಮಾವ ಅದರ ಎಳೆತದಲ್ಲೇ ತಿಳಿದುಕೊಳ್ಳುತ್ತಿದ್ದರು.

ಮೈಸೂರಿನಲ್ಲಿ ಮಾತು ಕಲಿಸುವ ಒಬ್ಬ ಮೇಡಂ ಸಿಕ್ಕಿದರು. ವಾರಕ್ಕೆ ಮೂರು ಪಾಠ, ವಿಡಿಯೋದಲ್ಲಿ. “ಈ ತಿಂಗಳುಗಳು ತುಂಬಾ ಮುಖ್ಯ ಸಾರ್. ಪಾಠ ತಪ್ಪಿಸಬೇಡಿ” ಎಂದು ಒತ್ತಿ ಹೇಳಿದ್ದರು. ಮೇಡಂ ತುಟಿ ಹೇಗಾಡುತ್ತದೆಂದು ನೋಡಿ ನೋಡಿಯೇ ಅತ್ತೆ ಕಲಿಯಬೇಕು. ಅಂಗೈಯಗಲದ ಮೊಬೈಲಿನಲ್ಲಿ ಅದು ಅವರಿಗೆ ಕಾಣದು. ದೊಡ್ಡ ಪರದೆಯ ಕಂಪ್ಯೂಟರು ಇರುವುದು ನಡುಮನೆಯಲ್ಲಿ, ಇಂಟರ್‌ನೆಟ್ಟಿನ ಪೆಟ್ಟಿಗೆ ಇರುವುದು ಬೀದಿಬಾಗಿಲ ಹತ್ತಿರದ ಹಾಲಿನಲ್ಲಿ. ಕಂಪ್ಯೂಟರನ್ನೇ ಹಾಲಿಗೆ ತಂದರೆ, ಹೋಗಿ ಬರುವವರು ಇಣುಕುವ ಕಡೆ ಅತ್ತೆ ಬಾಯಿಯನ್ನೇ ತೆರೆಯರು. ಗೋಡೆಯ ಮೇಲೆ ಕೇಬಲ್ ಎಳೆಸೋಣವೆಂದರೆ ಹಳೇ ಮಣ್ಣಿನ ಗೋಡೆ, ಒಂದು ಮೊಳೆಗೆ ಒಂದು ಬೊಗಸೆ ಗಾರೆ ಉದುರುತ್ತದೆ. ನೆಲದ ಮೇಲೆ ಎಳೆದರು. ಅವತ್ತೇ ಅತ್ತೆಯ ಬಲಗಾಲು ಅದಕ್ಕೆ ಸಿಕ್ಕಿಕೊಂಡಿತು. ಮಾವ ಹಾರಿ ಹಿಡಿದುಕೊಂಡರು. ಆಮೇಲೆ ಕೇಬಲ್ಲನ್ನು ಸುತ್ತಿ ಅಟ್ಟಕ್ಕೆ ಎಸೆದು, “ಈ ಮನೇಲಿ ಇನ್ನು ನೆಲದ ಮೇಲೆ ತಂತಿ ಇರಕೂಡದು” ಎಂದು ಆಜ್ಞೆ ಹೊರಡಿಸಿದರು.

ಮೊಬೈಲನ್ನೇ ಕಂಪ್ಯೂಟರಿಗೆ ಚುಚ್ಚಿ ನೆಟ್ ಕೊಟ್ಟದ್ದೂ ಆಯಿತು. ಪಾಠದ ನಡುವೆ ಯಾರಾದರೂ ಫೋನ್ ಮಾಡಿದರೆಂದರೆ, ‘ಆ’ ಎಂದು ಬಾಯಿ ತೆರೆದಿದ್ದ ಮೇಡಂ ತೆರೆದಂತೆಯೇ ನಿಂತುಬಿಡುತ್ತಿದ್ದರು. ಅವರನ್ನು ನೋಡಿ ಅತ್ತೆಯೂ ಬಾಯಿ ತೆರೆದುಕೊಂಡು, ಮುಂದೇನೆಂದು ಪಾಪ, ಕಾಯುತ್ತ ಕೂರುತ್ತಿದ್ದರು. ಒಂದು ದಿನ ಹಾಗೆ ಬಹಳ ಹೊತ್ತು ಕಾದು, ಬಾಯಿ ಮುಚ್ಚಿ, ಗೋಡೆಯ ಕಡೆ ತಿರುಗಿಬಿಟ್ಟರು. ಮರುಪಾಠಕ್ಕೆ ಕರೆದರೆ ಏಳಲಿಲ್ಲ. ಮಾವನ ಮುಖದಲ್ಲಿ ಅಂಥ ಭಯವನ್ನು ನಾನು ಅದುವರೆಗೆ ನೋಡಿರಲಿಲ್ಲ.

ಇದಕ್ಕೆಲ್ಲ ಮದ್ದು ಒಂದು ಡಾಂಗಲ್ ಎಂದು ನನ್ನ ಸಹೋದ್ಯೋಗಿಯೊಬ್ಬರು ಹೇಳಿದರು. ಪೆನ್‌ಡ್ರೈವಿನ ಹಾಗೆ ಕಂಪ್ಯೂಟರಿಗೆ ಚುಚ್ಚಿದರೆ ಸಾಕು, ಗಾಳಿಯಲ್ಲೇ ನೆಟ್ ಬರುತ್ತದಂತೆ. ಅಷ್ಟೇ ತಾನೆ! ಅವತ್ತೇ ಸಂಜೆ ಒಂದನ್ನು ಕೊಂಡು ನರಸೀಪುರಕ್ಕೆ ಓಡಿದೆ. ಮಾವ ಡಬ್ಬಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಕನ್ನಡಕವನ್ನು ಹಣೆಗೇರಿಸಿ ಕೇಳಿದರು:

“ಇದರ ಗೋತ್ರ ಯಾವುದು?”

“ಡಾಂಗಲ್ಲಿಗೆ ಗೋತ್ರವೇ ಮಾವ?”

“ಮತ್ತೆ? ಡಬ್ಬಿ ಮೇಲಿರೋದು ಬರೀ ಹೆಸರು. ಹೆಸರು ಯಾರು ಬೇಕಾದ್ರೂ ಇಟ್ಕೋಬಹುದು. ಒಳಗಿರೋ ಚಿಪ್ಪು ಯಾವುದು ಅನ್ನೋದೇ ಗೋತ್ರ. ಆ ಚಿಪ್ಪನ್ನ ಮಾತಾಡಿಸೋ ಡ್ರೈವರು ನಮ್ಮ ಲಿನಕ್ಸಿನ ಒಳಗೇ ಇರ್ಬೇಕು. ಮದುವೇಲಿ ಗೋತ್ರ ಬೇರೆಯಾಗಿರ್ಬೇಕು, ಇಲ್ಲಿ ಒಂದೇ ಆಗಿರ್ಬೇಕು.”

“ಡ್ರೈವರ್ ಇಲ್ಲದಿದ್ದರೆ ಹೊರಗಿನಿಂದ ತಂದು ಹಾಕೋಕಾಗಲ್ವೇ?”

“ಹಾಕಬಹುದು. ನಾಳೆ ಒಂದು ಅಪ್‌ಡೇಟ್ ಆದ್ರೆ ಅದು ಕೈಕೊಡುತ್ತೆ. ಅವಳು ಬಾಯಿ ತೆಗೆದಾಗಲೇ ಕೈಕೊಟ್ರೆ? ಇನ್ನೊಂದು ಸಲ ಗೋಡೆ ಕಡೆ ತಿರುಗಿಕೊಂಡ್ರೆ ಅವಳನ್ನ ಯಾರು ವಾಪಸ್ ತಿರುಗಿಸ್ತಾರೆ?”

ನಾನು ಡಬ್ಬಿ ಮುಚ್ಚಿ ಬದಿಗಿಟ್ಟೆ. ಮೊಬೈಲಿನಲ್ಲಿ ಪಾಠ ಹೇಗೋ ಕುಂಟುತ್ತ ಸಾಗಿತು; ಅತ್ತೆ ಬಲವಂತಕ್ಕೆ ಕೂತರೂ ಮುಖ ಅರ್ಧ ಗೋಡೆಯ ಕಡೆಗೇ. ಮಾವ ಗಣಿತದ ಚೌಕುಳಿ ನೋಟ್‌ಬುಕ್ ತೆಗೆದು ಕೂತರು. ಯಾವ ಡಾಂಗಲ್ಲಿನಲ್ಲಿ ಯಾವ ಚಿಪ್ಪು, ಯಾರಿಗೆ ನಡೆಯಿತು, ಯಾರಿಗೆ ಕೈಕೊಟ್ಟಿತು, ಎಲ್ಲವನ್ನೂ ನೆಟ್ಟಿನಲ್ಲಿ ಊರೂರಿನ ಜನ ಬರೆದಿರುತ್ತಾರಂತೆ. ಅದನ್ನೆಲ್ಲ ಓದಿ ಕೋಷ್ಟಕ ಹಾಕಿದರು. ಕೆಲವು ಡಾಂಗಲ್ಲುಗಳದ್ದು ಅದೇ ಡಬ್ಬಿ, ಅದೇ ಹೆಸರು, ಅದೇ ಬಣ್ಣ. ಎರಡನೇ ಆವೃತ್ತಿಯಲ್ಲಿ ಒಳಗಿನ ಚಿಪ್ಪು ಮಾತ್ರ ಬೇರೆ! ತಾತ ಕೂಡ ಇಷ್ಟು ಜಾತಕ ಕೂಡಿಸಿರಲಿಕ್ಕಿಲ್ಲ. ಗಂಟೆಗೊಮ್ಮೆ ಎದ್ದು ಅತ್ತೆಗೆ ನೀರು ಕುಡಿಸಿ, ಬಾಯಿ ಒರೆಸಿ, ಮತ್ತೆ ಬಂದು ಕೂರುವ ಆ ಎಪ್ಪತ್ತು ದಾಟಿದ ಮನುಷ್ಯನನ್ನು ನೋಡುತ್ತ ನನಗೆ ನಗುವೂ ಬಂತು, ನಿಜಕ್ಕೂ ಬೆರಗೂ ಆಯಿತು.

ನಾನು ತಂದದ್ದು ಗೋತ್ರಭ್ರಷ್ಟವೆಂದು ತೀರ್ಮಾನವಾಯಿತು. ಹಿಂದಿರುಗಿಸಲು ಮಾವನೂ ಹೊರಟರು. ಬರಿಗೈಯಲ್ಲಲ್ಲ, ಕಂಪ್ಯೂಟರಿನ ಪೆಟ್ಟಿಗೆಯನ್ನೇ ಎತ್ತಿಕೊಂಡು!

“ಇದ್ಯಾಕೆ ಮಾವ?”

“ಮನೆಗೆ ಬರೋ ಸೊಸೆ ಕಣೇ. ಮನೆಯವರನ್ನ ಬಿಟ್ಟು ನೋಡಿಕೊಂಡು ಬಂದ್ರೆ ಆಗುತ್ತಾ?”

ಪಕ್ಕದ ಮನೆಯಾಕೆಯನ್ನು ಅತ್ತೆಯ ಜೊತೆಗಿಟ್ಟು, ಪೆಟ್ಟಿಗೆಗೆ ಹಳೇ ಶಾಲು ಹೊದಿಸಿ, ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಿಸಿಕೊಂಡರು. ಕಂಡಕ್ಟರ್ ಬಂದು, “ಏನ್ ಸಾ ಇದು, ಲಗೇಜಾ?” ಎಂದ.

“ಅಲ್ಲಪ್ಪ, ಪೇಷೆಂಟು.”

ಕಂಡಕ್ಟರ್ ಶಾಲಿನ ತುದಿ ಎತ್ತಿ ನೋಡಿ, ಮೆಲ್ಲಗೆ ಮತ್ತೆ ಹೊದಿಸಿ, ಏನೂ ಕೇಳದೆ ಮುಂದಕ್ಕೆ ಹೋದ.

ನಂಜನಗೂಡಿನ ಕಂಪ್ಯೂಟರ್ ಅಂಗಡಿಯವನು ಒಳ್ಳೆಯವನು. “ಎಷ್ಟ್ ಬೇಕೋ ಚುಚ್ಚಿ ನೋಡಿ ಸಾ” ಎಂದು ಇದ್ದದ್ದೆಲ್ಲವನ್ನೂ ಮೇಜಿನ ಮೇಲೆ ಹರಡಿದ. ಮಾವ ಒಂದೊಂದನ್ನೇ ಎತ್ತಿಕೊಂಡು, “ಇದರ ಗೋತ್ರ ಹೇಳಪ್ಪ” ಎನ್ನತೊಡಗಿದರು.

“ಗೋತ್ರ ಗೀತ್ರ ಎಲ್ಲ ನಾವ್ ಕೇಳಕಿಲ್ಲ ಸಾ. ಒಂದ್ ವರ್ಸ ವಾರಂಟಿ ಅದೆ, ಅಷ್ಟೇ ಗೊತ್ತಿರದು.”

ಮೊದಲನೆಯದನ್ನು ಚುಚ್ಚಿದರು. ಮಾವ ಟಪಟಪನೆ ಏನೋ ಟೈಪ್ ಮಾಡಿದರು. ಪರದೆಯ ಮೇಲೆ ಒಂದು ಸಾಲು ಮೂಡಿತು. ಮಾವ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟರು. “ನೋಡೇ ಪುಟ್ಟಿ, ಇದು ವೈಫೈಯೇ ಅಲ್ಲವಂತೆ! ನಾನು ಸಿ.ಡಿ. ಅಂತ ಹೇಳ್ತಿದೆ!” ಕೆಲವು ಡಾಂಗಲ್ಲುಗಳು ಚುಚ್ಚಿದ ಕೂಡಲೇ ಸಿ.ಡಿ.ಯ ವೇಷ ಹಾಕಿಕೊಂಡು ಕೂರುತ್ತವಂತೆ, ವಿಂಡೋಸಿಗೆ ಬೇಕಾದ ಡ್ರೈವರನ್ನು ಬಡಿಸುವುದಕ್ಕೆ. ಅಂಗಡಿಯವನು ಕೆನ್ನೆಗೆ ಕೈ ಇಟ್ಟುಕೊಂಡ. “ಏನ್ ಸಾ, ಇಷ್ಟ್ ವರ್ಸದಿಂದ ಮಾರ್ತಾ ಇವ್ನಿ, ನಂಗೇ ಸುಳ್ ಹೇಳದೆ ಇದು!”

ಎರಡನೆಯದು ಉಸಿರೇ ಎತ್ತಲಿಲ್ಲ. ಮೂರನೆಯದು ಚೆನ್ನಾಗಿ ಓಡಿತು. ಅಂಗಡಿಯಲ್ಲಿದ್ದ ನಾಲ್ಕು ಗಿರಾಕಿಗಳು ಚಪ್ಪಾಳೆ ತಟ್ಟಿದರು. ಮಾವ ಕೈಯೆತ್ತಿ ಅವರನ್ನು ಸುಮ್ಮನಿರಿಸಿ, ಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟುಕೊಂಡರು. ಅತ್ತೆಯ ಪಾಠ ಮುಕ್ಕಾಲು ಗಂಟೆ. ಆದ್ದರಿಂದ ಪರೀಕ್ಷೆಯೂ ಮುಕ್ಕಾಲು ಗಂಟೆ! ನಲವತ್ತನೇ ನಿಮಿಷಕ್ಕೆ ಅದು ಕೈಚೆಲ್ಲಿತು. ಮಧ್ಯಾಹ್ನವಾಗುವ ಹೊತ್ತಿಗೆ ಅಂಗಡಿಯವನು ಬೇರೆ ವ್ಯಾಪಾರವನ್ನೆಲ್ಲ ಬಿಟ್ಟು, ಮಾವನ ಪಕ್ಕ ಸ್ಟೂಲ್ ಹಾಕಿಕೊಂಡು, “ಈಗ ಇದ್ರ ಗೋತ್ರ ನೋಡಿ ಸಾ” ಎಂದು ತಾನೇ ತೆಗೆದು ಕೊಡುತ್ತಿದ್ದ. ಏಳು ಡಾಂಗಲ್ಲಿನಲ್ಲಿ ಒಂದೂ ಪಾಸಾಗಲಿಲ್ಲ. ಬರಿಗೈಯಲ್ಲಿ ಹೋಗುವುದು ಬೇಡವೆಂದು, ನಾನು ತಂದಿದ್ದನ್ನೂ ಹಿಂದಿರುಗಿಸದೆ ಜೇಬಿಗೆ ಹಾಕಿಕೊಂಡರು.

ವಾಪಸ್ ಬಸ್ಸು ಹತ್ತಿದೆವು. ಪೆಟ್ಟಿಗೆಯ ಮೇಲೆ ಕೈಯಿಟ್ಟುಕೊಂಡು ಹೊರಗೆ ನೋಡುತ್ತಿದ್ದ ಮಾವ, “ಅವಳು ಮಾತಾಡೋದನ್ನೇ ಬಿಟ್ಟುಬಿಟ್ರೆ ಏನೇ ಮಾಡ್ಲಿ?” ಎಂದರು. ನಾನು ಜಾರುತ್ತಿದ್ದ ಶಾಲನ್ನು ಪೆಟ್ಟಿಗೆಗೆ ಸರಿಯಾಗಿ ಹೊದಿಸಿದೆ.

ಕೋಷ್ಟಕದಲ್ಲಿ ಕೆಂಪು ಅಡಿಗೆರೆ ಎಳೆದು ಮೆಚ್ಚಿಟ್ಟ ಒಂದೇ ಒಂದು ಡಾಂಗಲ್ ಉಳಿದಿತ್ತು. ಹಳೆಯದು, ಈಗ ಅಂಗಡಿಗಳಲ್ಲಿ ಬರುವುದಿಲ್ಲ, ಆದರೆ ಅದರ ಚಿಪ್ಪಿನ ಡ್ರೈವರು ಲಿನಕ್ಸಿನಲ್ಲಿ ಬಹಳ ಕಾಲದಿಂದ ಇದೆ. ಮಾವ ತಮ್ಮ ಹಳೆಯ ವಿದ್ಯಾರ್ಥಿಗಳಿಗೆಲ್ಲ ಫೋನ್ ಮಾಡತೊಡಗಿದರು. ‘ಮೇಷ್ಟ್ರು ಫೋನ್ ಮಾಡಿ ಡಾಂಗಲ್ಲಿನ ಗೋತ್ರ ಕೇಳ್ತಿದಾರೆ’ ಎಂದು ತಾಲ್ಲೂಕಿನಲ್ಲಿ ಸುದ್ದಿಯಾಯಿತು. ಮುಡುಕುತೊರೆಯ ಒಬ್ಬ ಗಾಬರಿಯಿಂದ ನನಗೇ ಫೋನ್ ಮಾಡಿ, “ಮೇಷ್ಟ್ರು ಉಸಾರಾಗವ್ರಾ ಅಕ್ಕಾ?” ಎಂದು ವಿಚಾರಿಸಿದ.

ಕೊನೆಗೆ ಅದು ಸಿಕ್ಕಿದ್ದು ಕವಲಂದೆಯಲ್ಲಿ, ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದ ನಡುವಯಸ್ಸಿನ ಶಿಷ್ಯನೊಬ್ಬನ ಹತ್ತಿರ. ಮತ್ತೆ ಪೆಟ್ಟಿಗೆ, ಮತ್ತೆ ಶಾಲು, ಮತ್ತೆ ಬಸ್ಸು. ಅವನ ಕಂಪ್ಯೂಟರಿನ ಹಿಂದೆ, ದೂಳು ಹಿಡಿದು, ಒಂದು ಗಿಡ್ಡ ಆಂಟೆನಾ ನಿಗುರಿಸಿಕೊಂಡು ಅದು ಕೂತಿತ್ತು. ಮಾವ ಅದನ್ನು ಪಂಚೆಯ ತುದಿಯಿಂದ ಒರೆಸಿ, ತಮ್ಮ ಪೆಟ್ಟಿಗೆಗೆ ಚುಚ್ಚಿದರು. ಏನನ್ನೂ ಟೈಪ್ ಮಾಡಲಿಲ್ಲ. ಹಸಿರು ದೀಪ ತಾನಾಗಿಯೇ ಹತ್ತಿತು! ಮುಕ್ಕಾಲು ಗಂಟೆ ಕಳೆಯಿತು, ಒಂದು ಗಂಟೆ ಕಳೆಯಿತು. ದೀಪ ಆರಲಿಲ್ಲ.

“ತಕೊಂಡೋಗಿ ಸಾ” ಎಂದ ಶಿಷ್ಯ.

“ನಿನಗೆ?”

“ನಿಮ್ ಜೇಬಲ್ಲಿರೋ ಹೊಸದ್ ಕೊಟ್ಟೋಗಿ. ನಮ್ದು ವಿಂಡೋಸು ಸಾ, ಯಾವ್ದ್ ಕೊಟ್ರೂ ತಿಂತದೆ.”

ಮಾವ ಅವನ ಎರಡೂ ಕೈ ಹಿಡಿದುಕೊಂಡರು. ಅವನು ನಾಚಿಕೊಂಡು, “ಬುಡಿ ಸಾ, ಟೀಚರಮ್ಮಂಗೆ ಮಾತ್ ಬರ್ಲಿ” ಎಂದ. ಊರಿನವರೆಲ್ಲ ಅತ್ತೆಯನ್ನು ಟೀಚರಮ್ಮ ಎಂದೇ ಕರೆಯುವುದು, ಮೇಷ್ಟ್ರ ಹೆಂಡತಿ ಎಂಬ ಒಂದೇ ಕಾರಣಕ್ಕೆ.

ಅತ್ತೆಯನ್ನು ಗೋಡೆಯ ಕಡೆಯಿಂದ ಇತ್ತ ತಿರುಗಿಸಲು ಮತ್ತೆ ಒಂದು ವಾರ ಹಿಡಿಯಿತು. ನಿಲ್ಲದೆ ಮಾತಾಡುವ, ನಿಲ್ಲದೆ ನಗುವ ದೊಡ್ಡ ಮುಖ ಎದುರಿಗೆ ಬಂದ ಮೇಲೆ ಮೆಲ್ಲಗೆ ‘ಆ’ ಬಂತು, ‘ಮಾ’ ಬಂತು, ಹಸುವಿನ ಚಿತ್ರಕ್ಕೆ ‘ಹಸು’ ಬಂತು. ಒಂಟಿ ಒಂಟಿ ಪದಗಳು. ಎರಡು ಪದ ಕೂಡಿಸಿ ಹೇಳಿದರೆ ದಾರಿಗೆ ಬಂದ ಹಾಗೆ ಎಂದು ಮೇಡಂ ಹೇಳಿದ್ದರು. ಅದಕ್ಕಾಗಿ ನಾವೆಲ್ಲ ಕಿವಿಯಾಗಿ ಕಾಯುತ್ತಿದ್ದೆವು. ಅದು ಮಾತ್ರ ಬರಲಿಲ್ಲ.

ಒಂದು ಶನಿವಾರ ನಾನೂ ಅಲ್ಲಿದ್ದೆ. ಕಾಫಿ ಲೋಟ ಹಿಡಿದು ಬಾಗಿಲ ಹತ್ತಿರ ನಿಂತಿದ್ದೆ. ಮೇಡಂ ಚಿತ್ರಗಳನ್ನೆಲ್ಲ ಮುಗಿಸಿ, ಅತ್ತೆಯ ಪಕ್ಕ ಕೂತಿದ್ದ ಮಾವನನ್ನು ತೋರಿಸಿ ಕೇಳಿದರು: “ಇವರು ಯಾರಮ್ಮಾ?”

“ರೀ” ಎಂದರು ಅತ್ತೆ.

“ಸರಿ, ಇವರ ಹೆಸರೇನು? ಹೆಸರು ಹೇಳಿ.”

ಅತ್ತೆ ಸುಮ್ಮನೆ ಕೂತರು. ಮೇಡಂ ಮತ್ತೆ ಕೇಳಿದರು. ಅತ್ತೆ ತಲೆಯಾಡಿಸಿದರು. ಮೇಡಂ ಮುಖ ಸಣ್ಣದಾಯಿತು, ಮಾವ ನೆಲ ನೋಡತೊಡಗಿದರು. ನಲವತ್ತೈದು ವರ್ಷ ಬಾಳಿದ ಗಂಡನ ಹೆಸರೂ ಹೋಯಿತೇ? “ಪರವಾಗಿಲ್ಲಮ್ಮ, ಇನ್ನೊಂದೇ ಸಲ. ಇವರ ಹೆಸರು?”

ಅತ್ತೆ ಎಡಗೈಯಲ್ಲಿ ಸೆರಗು ಸರಿಮಾಡಿಕೊಂಡರು. ಏನೂ ತಿಳಿಯದ ಹುಡುಗಿಗೆ ಬುದ್ಧಿ ಹೇಳುವ ಹಾಗೆ ಪರದೆಯನ್ನು ನೆಟ್ಟಗೆ ನೋಡಿ, ಒಂದೊಂದೇ ಅಕ್ಷರವನ್ನು ಎಳೆದು ತಂದು ಹೇಳಿದರು:

“ಹೆಸರು... ಹೇಳ್... ಬಾರ್ದು.”

ಮಾವ ಆ ಚೌಕುಳಿ ನೋಟ್‌ಬುಕ್ಕಿನಲ್ಲಿ ಮುಖ ಮುಚ್ಚಿಕೊಂಡುಬಿಟ್ಟರು. ಅವರ ಹೆಗಲು ಅಲುಗಾಡುತ್ತಿತ್ತು. ಇತ್ತ ಯಾರೂ ಮಾತಾಡದ್ದು ನೋಡಿ ಮೇಡಂಗೆ ದಿಗಿಲಾಯಿತು. “ಸಾರ್? ಸಾರ್, ಕೇಳಿಸ್ತಿದೆಯಾ? ನೆಟ್ ಹೋಯ್ತಾ?”

“ಇಲ್ಲ ಮೇಡಂ” ಎಂದರು ಮಾವ ನೋಟ್‌ಬುಕ್ಕಿನ ಹಿಂದಿನಿಂದಲೇ. “ಬಂತು.”

ಅತ್ತೆ ಅವರ ತೋಳು ಹಿಡಿದು ಅಲುಗಿಸಿ, ಸೆರಗಿನ ತುದಿಯನ್ನು ಅವರ ಕೈಗಿತ್ತು, ಕಣ್ಣು ಒರೆಸಿಕೊಳ್ಳಿ ಎನ್ನುವ ಎಳೆತದಲ್ಲಿ “ರೀ” ಎಂದರು.