ಮಸಿಯಲ್ಲಿ ಬಂದ ಅತ್ತೆ

ಮಸಿ ಚೆಲ್ಲಿದರೆ ಬಯ್ಯುವ ಮನೆಗಳುಂಟು; ಹಿಂದೂಪುರದ ನಮ್ಮಕ್ಕನ ಮನೆಯಲ್ಲಿ ಭಾನುವಾರ ಮಧ್ಯಾಹ್ನ ಹೆಂಗಸರೆಲ್ಲ ಸೇರಿ ಬೇಕೆಂದೇ ಚೆಲ್ಲುತ್ತೇವೆ. ಹಾಳೆಗೆ ಮಸಿ ತೊಟ್ಟಿಕ್ಕಿ, ಮಡಚಿ ಒತ್ತಿ, ಬಿಡಿಸಿದಾಗ ಕಂಡದ್ದಕ್ಕೆ ಪ್ರಾಸ ಕಟ್ಟಬೇಕು. ಏನು ಕಾಣುತ್ತದೋ ನಮ್ಮ ಕೈಯಲ್ಲಿಲ್ಲ. ಎದೆ ಝಲ್ಲೆನ್ನುವುದು, ಆಮೇಲೆ ನಗುವುದು ನಮಗೀಗ ಅಭ್ಯಾಸವಾಗಿದೆ.

೧. ದೃಷ್ಟಿ

ಪಕ್ಕದ ಮನೆಯಾಕೆಯ ಹಾಳೆಯಲ್ಲಿ ರಾಕ್ಷಸನ ಮುಖ ಮೂಡಿತು. ಎಲ್ಲಿ ಕೂತರೂ ನಮ್ಮನ್ನೇ ನೋಡುತ್ತಿತ್ತು. ಆಕೆ ಜಗ್ಗಲಿಲ್ಲ:

“ಕೋರೆಯ ಹಲ್ಲು, ಕೆದರಿದ ಕೂದಲು,
ಯಾರ ಮನೆಗೆ ಬರ್ತೀಯ ಮೊದಲು?”

ಅದನ್ನೇ ಒಯ್ದು ದೃಷ್ಟಿಬೊಂಬೆಯಂತೆ ತನ್ನ ಹೊಸ ಮನೆಯ ಬಾಗಿಲಿಗೆ ಕಟ್ಟಿದಳು. ಮರುದಿನದಿಂದ ಹಾಲಿನವನು ಗೇಟಿನಾಚೆಯೇ ಪಾಕೆಟ್ ಇಟ್ಟು ಓಡತೊಡಗಿದ. ಹೆದ್ದಾರಿಯ ಕೊಡಿಕೊಂಡದಲ್ಲಿ ಲಾರಿ ನಿಲ್ಲಿಸಿ ಮನೆಗೆ ಬಂದ ಅವಳ ಗಂಡ ಹಿತ್ತಲ ಬಾಗಿಲು ತಟ್ಟಿದ.

“ದೃಷ್ಟಿಯೇನೋ ಬೀಳ್ತಾ ಇಲ್ಲ ಕಣಮ್ಮ,” ಎಂದಳು. “ನೋಡೋಕೆ ಯಾರಾದ್ರೂ ಬಂದ್ರೆ ತಾನೆ!”

೨. ಅಕ್ಕನ ಹಾಳೆ

ಅಕ್ಕ ತನ್ನ ಹಾಳೆ ಬಿಡಿಸುತ್ತಿದ್ದಂತೆ ಕರೆಂಟ್ ಹೋಗಿ ಫ್ಯಾನ್ ನಿಂತಿತು. ಹಾಳೆಯಲ್ಲಿ ಅಕ್ಕನ ತೀರಿಹೋದ ಅತ್ತೆ! ಅದೇ ಸೆರಗು, ಅದೇ ಗಲ್ಲ, ಗಲ್ಲದ ಮೇಲೆ ಅದೇ ಮಚ್ಚೆ. ಅಕ್ಕ ಕೂತಲ್ಲಿಂದ ತಟ್ಟನೆ ಎದ್ದು ನಿಂತಳು. ಅಕ್ಕನ ಮಗಳೇ ಮೆಲ್ಲಗೆ ಪ್ರಾಸ ಕಟ್ಟಿದಳು:

“ಮಸಿಯೊಳಗಿಂದ ಯಾಕೆ ಬಂದೆ?
ಬಿಟ್ಟು ಹೋದದ್ದೇನು ಹಿಂದೆ?”

ಅಕ್ಕ ಅವಳ ಬಾಯಿ ಮುಚ್ಚಿದಳು. “ಕೇಳ್ಬೇಡ ಕಣೆ, ಹೇಳೇಬುಡ್ತಾರೆ!”

೩. ಕಾಫಿ

ಹರಿಯಲು ಧೈರ್ಯ ಸಾಲದೆ ಅಕ್ಕ ಅದನ್ನು ನಡುಮನೆಯ ಗೋಡೆಗೂಡಿನಲ್ಲಿಟ್ಟಿದ್ದಳು. ಅಷ್ಟರಲ್ಲಿ ಮಗಳು ಮನಸಾರೆ ಮೆಚ್ಚಿದ್ದ ಹುಡುಗನ ಕಡೆಯವರು ಕಲ್ಯಾಣದುರ್ಗದಿಂದ ಬಂದರು. ಹುಡುಗನ ಅಜ್ಜಿ ಒಪ್ಪಿದರೆ ಮದುವೆ, ಇಲ್ಲವಾದರೆ ಇಲ್ಲ.

ಅಜ್ಜಿಯ ಕಣ್ಣು ನೇರ ಗೂಡಿಗೇ ಹೋಯಿತು. “ಎವರಮ್ಮಾ ಈಮೆ?” ಈಕೆ ಯಾರೆಂದು ತೆಲುಗಿನಲ್ಲೇ ಕೇಳಿದರು.

ಅಕ್ಕ ಇದ್ದದ್ದನ್ನು ಇದ್ದಂತೆ ಹೇಳಿದಳು. ಹುಡುಗಿಯ ಮುಖ ಬಿಳಿಚಿತು. ಅಪಶಕುನ ಎಂದುಬಿಟ್ಟರೆ?

“ಹಿರೀರು ಬಂದು ಕೂತವ್ರೆ, ನಮಗೇ ಕಾಫಿ ಕೊಟ್ರೆ ಹೆಂಗೆ? ಅವರಿಗೂ ಎಡೆ ಇಡಮ್ಮ,” ಎಂದರು ಅಜ್ಜಿ. ಅಕ್ಕ ಒಂದು ಲೋಟ ಇಟ್ಟಳು. ಎಡೆಯಿಟ್ಟ ಮೇಲೆ ಎದುರಿಗಿರಬಾರದೆಂದು ಎಲ್ಲರನ್ನೂ ಹೊರಗೆ ಕರೆದು, ಬಾಗಿಲು ಮುಂದೆ ಮಾಡಿದೆವು.

ಒಳಗೆ ಬಂದು ನೋಡಿದರೆ ಲೋಟ ಖಾಲಿ. ತಳದಲ್ಲಿ ಹನಿಯೂ ಇಲ್ಲ.

ನನ್ನ ಮೈ ಜುಮ್ಮೆಂದಿತು. ಅಜ್ಜಿ ಮಾತ್ರ, “ಒಪ್ಕೊಂಡ್ರು. ತಾಂಬೂಲ ತನ್ನಿ,” ಎಂದರು. ಹುಡುಗಿ ಅತ್ತೇಬಿಟ್ಟಳು.

ಅಕ್ಕ ಲೋಟ ಹಿಡಿದು ನಿಂತೇ ಇದ್ದಳು. ಅವಳ ಕೈ ಮುಟ್ಟಿದರೆ ತಣ್ಣಗಿತ್ತು.

“ಅವರಲ್ಲ ಕಣೆ, ಬೇರೆ ಯಾರೋ ಬಂದವ್ರೆ,” ಎಂದಳು ಪಿಸುಗುಟ್ಟುತ್ತಾ. “ನಮ್ಮತ್ತೆ ನನ್ನ ಕಾಫೀಗೆ ಹೆಸರಿಡ್ದೆ ಯಾವತ್ತು ಕುಡಿದಿದ್ರು?”